ಸ್ಟೆಪ್ನಿ ಕಣ್ಣು

ನಿವೃತ್ತ ಲೈನ್‌ಮನ್ ಕೈತಾನ ರೆಬೆಲೊಗೆ ತಿಳಿಯದ ಯಂತ್ರ ಯಲ್ಲಾಪುರ ತಾಲೂಕಿನಲ್ಲಿ ಇರಲಿಲ್ಲ. ಹಾಗೆಂದು ನಂಬಿದವರು ತಾಲೂಕಿನಲ್ಲಿ ಒಬ್ಬರೇ ಇದ್ದರು, ಅದು ಕೈತಾನ. ಮೂವತ್ತೊಂದು ವರ್ಷ ಕಂಬ ಹತ್ತಿ ಇಳಿದವನು. ಮಿಕ್ಸರು, ಪಂಪು, ಇಗರ್ಜಿಯ ಗಂಟೆಗೆ ಕಟ್ಟಿದ ಮೋಟಾರು, ಎಲ್ಲದರ ಹೊಟ್ಟೆಯನ್ನೂ ಬಿಚ್ಚಿ ನೋಡಿದ್ದ. ಬಿಚ್ಚಿದ್ದರಲ್ಲಿ ಅರ್ಧದಷ್ಟನ್ನು ಮರಳಿ ಮುಚ್ಚಿಯೂ ಇದ್ದ. ಕಂಬದ ತುದಿಯಿಂದ ಕೆಳಗಿನವರಿಗೆ ಕೂಗಿ ಹೇಳಿ ಹೇಳಿ ಅವನ ಗಂಟಲು ಎಷ್ಟು ಅಗಲವಾಗಿತ್ತೆಂದರೆ, ಅವನು ಹೆಂಡತಿಯ ಕಿವಿಯಲ್ಲಿ ಗುಟ್ಟು ಹೇಳಿದರೆ ಎದುರು ಮನೆಯವರು ‘ಹೌದಾ’ ಎಂದು ಉತ್ತರ ಕೊಡುತ್ತಿದ್ದರು.

ಹೀಗಿರುವಾಗ ನಮ್ಮ ಇಗರ್ಜಿಯ ಫಾದರ್ ವಲೇರಿಯನ್ ಗೋವೆಗೆ ಹೋದವರು ಒಂದು ಪೆಟ್ಟಿಗೆ ಹಿಡಿದುಕೊಂಡು ಬಂದರು. ನಮ್ಮ ಇಗರ್ಜಿಗೆ ಸೇರಿದ ಕೇರಿಗಳು ಕಾಡಿನೊಳಗೆ ಅಲ್ಲೊಂದು ಇಲ್ಲೊಂದು ಇವೆ. ಫಾದರ್ ಅಲ್ಲಿಗೆ ಹೋಗಿ ಬಲಿಪೂಜೆ ಮಾಡುವುದು ತಿಂಗಳಿಗೊಮ್ಮೆ. ಉಳಿದ ಭಾನುವಾರ ಬಸ್ಸು ಹಿಡಿದು ಬರುವ ಶಕ್ತಿ ಇದ್ದವರಿಗೆ ಪೂಜೆ, ಇಲ್ಲದವರಿಗೆ ಇಲ್ಲ. ಇದಕ್ಕೆ ಗೋವೆಯ ಒಂದು ಧರ್ಮಪ್ರಚಾರ ಸಂಸ್ಥೆ ಉಪಾಯ ಕಂಡುಹಿಡಿದಿತ್ತು. ಇಗರ್ಜಿಯ ಪೂಜೆಯನ್ನು ವಿಶೇಷ ಕ್ಯಾಮೆರಾದಲ್ಲಿ ಹಿಡಿದು ವಿಆರ್ ಕನ್ನಡಕದೊಳಗೆ ತುಂಬುವುದು. ಕೇರಿಯ ಅಂಗಳದಲ್ಲಿ ಕೂತು ಅದನ್ನು ಕಟ್ಟಿಕೊಂಡರೆ ಯಲ್ಲಾಪುರದ ಇಗರ್ಜಿಯ ನಡುಮಧ್ಯೆ ಕೂತಂತೆಯೇ ಆಗುವುದು. ಪೆಟ್ಟಿಗೆಯಲ್ಲಿ ಇಂಥ ಆರು ಕನ್ನಡಕ, ಒಂದು ಕ್ಯಾಮೆರಾ ಇದ್ದವು. ಕನ್ನಡಕ ಎಂದರೆ ಮೂಗಿನ ಮೇಲೆ ಕೂರುವಂಥದ್ದಲ್ಲ. ಪಟ್ಟಿ ಬಿಗಿದು ಮುಖಕ್ಕೆ ಕಟ್ಟುವ ಟಿಫಿನ್ ಡಬ್ಬಿ.

ಫಾದರ್‌ಗೆ ಗೋವೆಯಲ್ಲಿ ಅರ್ಧ ದಿನದ ತರಬೇತಿ ಆಗಿತ್ತು. ಅದನ್ನು ಅವರು ಕೈತಾನನಿಗೆ ಹತ್ತು ನಿಮಿಷದಲ್ಲಿ ಕೊಡುತ್ತಿದ್ದಾಗಲೇ ಶಿರಸಿಯಿಂದ ಯಾರೋ ತೀರಿಹೋದ ಸುದ್ದಿ ಬಂತು. ಗುಂಡಿ ಒತ್ತಿ, ಇಗರ್ಜಿಯ ಮಧ್ಯದಲ್ಲಿ ನಿಲ್ಲಿಸಿ, ನೀವು ಮರೆಗೆ ಹೋಗಿ ಎಂದಷ್ಟೇ ಹೇಳಿ ಅವರು ಹೊರಟುಹೋದರು. ಕ್ಯಾಮೆರಾಕ್ಕೆ ಮುಂದೊಂದು ಹಿಂದೊಂದು, ಹೀಗೆ ಎರಡು ಕಣ್ಣು. ಹಿಂದಿನದು ಎಂತಕ್ಕೆ ಎಂದು ಹೆಂಡತಿ ರೆಮೇದಿ ಕೇಳಿದಳು.

“ಸ್ಟೆಪ್ನಿ,” ಎಂದ ಕೈತಾನ. “ಮುಂದಿಂದು ಹೋದ್ರೆ ಹಾಕೂಕೆ ಬೇಕಲ್ದ?”

ಇನ್ನು ಹಾಡಿನ ವಿಷಯ. ನಮ್ಮಲ್ಲಿ ಹಬ್ಬದ ದಿನ ಪರಮಪ್ರಸಾದ ಆದಮೇಲಿನ ಹಾಡನ್ನು ಕೊಡಸೆಗದ್ದೆ ಕೇರಿಯ ಬಸ್ತ್ಯಾಂವ ಸಿದ್ದಿಯೇ ಹಾಡುವುದು ವಾಡಿಕೆ. ಕೈತಾನನಿಗೂ ಅವನಿಗೂ ಮೂವತ್ತು ವರ್ಷದ ಗೆಳೆತನ. ಒಂದು ಮಳೆಗಾಲದಲ್ಲಿ ಕೇರಿಯ ಹತ್ತಿರ ಕಂಬ ಮುರಿದಾಗ ಕೈತಾನನ ಏಣಿಯನ್ನು ಮೂರು ದಿನ ಹಿಡಿದುಕೊಂಡು ನಿಂತವನು ಬಸ್ತ್ಯಾಂವ. ಅಂದಿನಿಂದ ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಅವನ ಊಟ ಕೈತಾನನ ಮನೆಯಲ್ಲಿ. ಇಬ್ಬರ ಮನೆಮಾತೂ ಕೊಂಕಣಿಯೇ. ಆದರೆ ಒಬ್ಬನ ಕೊಂಕಣಿ ಇನ್ನೊಬ್ಬನಿಗೆ ತಮಾಷೆಯಾಗಿ ಕೇಳುತ್ತಿದ್ದುದರಿಂದ, ಸುಮ್ಮನೆ ಜಗಳ ಯಾಕೆಂದು ಕನ್ನಡದಲ್ಲೇ ಮಾತಾಡುತ್ತಿದ್ದರು.

ಆ ವರ್ಷ ಬಸ್ತ್ಯಾಂವ ತಾನು ಹಾಡುವುದಿಲ್ಲ ಎಂದ. ಮಳೆಗಾಲದ ಕೆಮ್ಮು ಹೋಗುವಾಗ ಮೇಲಿನ ಸ್ವರವನ್ನೂ ತೆಗೆದುಕೊಂಡು ಹೋಗಿತ್ತಂತೆ. ಕೈತಾನ ಬಿಡಲಿಲ್ಲ. ಬಸ್ಸು ಹತ್ತಿ ಕೇರಿಗೇ ಹೋಗಿ ಕೂತ. ನೀನು ಹಾಡದಿದ್ದರೆ ಅದು ಹಬ್ಬವೇ ಅಲ್ಲ ಎಂದ. ಬಸ್ತ್ಯಾಂವ ಎರಡು ಸಾಲು ಗುನುಗಿ, ಗಂಟಲು ಹೇಗಿದೆ, ನಿಜ ಹೇಳು ಎಂದು ಕೇಳಿದ.

“ಬೆಣ್ಣೆ,” ಎಂದ ಕೈತಾನ.

ಹಬ್ಬದ ದಿನ ಬಂತು. ಕೈತಾನ ಕ್ಯಾಮೆರಾವನ್ನು ಮೂರು ಕಾಲಿನ ಮೇಲೆ ಇಗರ್ಜಿಯ ಮಧ್ಯೆ ನಿಲ್ಲಿಸಿ ಗುಂಡಿ ಒತ್ತಿದ. ಮರೆಗೆ ಹೋಗಲಿಲ್ಲ. ಇಷ್ಟು ದೊಡ್ಡ ವಸ್ತುವನ್ನು ಜನರ ನಡುವೆ ಬಿಟ್ಟು ಹೋಗುವುದು ಜವಾಬ್ದಾರಿಯ ಲಕ್ಷಣವಲ್ಲ ಎಂದು ಅದರ ಬೆನ್ನಿಗೇ ಕಾವಲು ನಿಂತ. ರೆಮೇದಿ ಪಕ್ಕದಲ್ಲಿ ನಿಂತಳು. ಪೂಜೆ ಚೆನ್ನಾಗಿ ನಡೆಯಿತು. ಒಂದೇ ಒಂದು ವಿಘ್ನ: ರೆಮೇದಿ ಬರುವಾಗ ಬಂಗಡೆ ಕೊಂಡು ಚೀಲವನ್ನು ಕೊನೆಯ ಬೆಂಚಿನ ಕೆಳಗೆ ಇಟ್ಟಿದ್ದಳು, ಪೂಜೆ ಮುಗಿದಾಗ ಚೀಲ ಇತ್ತು, ಬಂಗಡೆ ಇರಲಿಲ್ಲ. ಆ ಬೆಂಚಿನಲ್ಲಿ ಕೂತಿದ್ದವನು ಬೇಕರಿಯ ಇನಾಸ. ಅವಳು ಅವನಿಗೆ ಏನೂ ಹೇಳಲಿಲ್ಲ. ಅವನ ಅಂಗಡಿಯ ಪಾವು ತರುವುದನ್ನು ಮಾತ್ರ ನಿಲ್ಲಿಸಿದಳು. ಇನಾಸ ಯಾವ ಪಾಪಕ್ಕೆ ಈ ಶಿಕ್ಷೆ ಎಂದು ತಿಳಿಯದೆ ದಿನಾ ಅವರ ಮನೆಯ ಮುಂದೆ ಎರಡು ಸಲ ಸೈಕಲ್ ಗಂಟೆ ಬಾರಿಸಿ ಹೋಗುತ್ತಿದ್ದ.

ಎರಡು ವಾರದಲ್ಲಿ ಗೋವೆಯವರು ಪೂಜೆಯನ್ನು ಆರೂ ಕನ್ನಡಕಗಳಿಗೆ ತುಂಬಿ ಕಳಿಸಿದರು. ಫಾದರ್ ತಮ್ಮ ಪ್ರವಚನ ಮುಗಿಯುವವರೆಗೆ ಹಾಕಿ ನೋಡಿ ಬಹಳ ಸಂತೋಷಪಟ್ಟರು. ಅವರು ನೋಡಿದ್ದು ಪೀಠದ ಕಡೆ, ಎಂದರೆ ತಮ್ಮನ್ನೇ. ಕೈತಾನ ಹಾಕಿಕೊಂಡ ಕೂಡಲೇ ತಲೆ ತಿರುಗಿ ತೆಗೆದಿಟ್ಟ. ಊರವರಿಗೆ ಮಾತ್ರ, ಅದ್ಭುತ, ಬಲ್ಬಿನ ಮೇಲೆ ಕೂತ ಧೂಳೂ ಕಾಣುತ್ತದೆ ಎಂದು ಹೇಳಿದ.

ಮುಂದಿನ ಭಾನುವಾರ ಕೊಡಸೆಗದ್ದೆಯಲ್ಲಿ ಉದ್ಘಾಟನೆ. ಫಾದರ್ ಮೊದಲೇ ಬೈಕಿನಲ್ಲಿ ಹೋದರು. ಕೈತಾನ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಇಕ್ಬಾಲನ ಟೆಂಪೊದಲ್ಲಿ ಹೊರಟ. ಕಾಡಿನ ಅಂಚಿನಲ್ಲಿ ಅರಣ್ಯ ಇಲಾಖೆಯ ಗೇಟು. ಅಲ್ಲಿ ಕಾವಲಿಗೆ ಹಾವೇರಿ ಕಡೆಯ ಚನ್ನಬಸವ.

“ಪೆಟ್ಟಿಗ್ಯಾಗ ಏನೈತ್ರಿ?” ಎಂದು ಅವನು ಕೇಳಿದ.

“ಇಗರ್ಜಿ,” ಎಂದ ಕೈತಾನ.

ಚನ್ನಬಸವ ಗೇಟಿನ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದ. ಪೆಟ್ಟಿಗೆ ತೆರೆಸಿದ. ಇವು ಹುಲಿಯ ಫೋಟೊ ಹಿಡಿಯಲು ಮರಕ್ಕೆ ಕಟ್ಟುವ ಡಬ್ಬಿಗಳೆಂದು ಅವನಿಗೆ ನೋಡಿದ ಕೂಡಲೇ ಗೊತ್ತಾಯಿತು. ಸಾಹೇಬರ ಕಾಗದ ತೋರಿಸಬೇಕು ಎಂದ. ಕೈತಾನ ವಿವರಿಸಿದಷ್ಟೂ ಅವನ ಸಂಶಯ ಬಲಿಯಿತು. ಕೈತಾನ ವಿವರಿಸಿದರೆ ಹಾಗೆಯೇ ಆಗುವುದು. ಕೊನೆಗೆ ಇಕ್ಬಾಲ, ಅವರ ಮುಖಕ್ಕೇ ಒಂದು ಕಟ್ಟಿಬಿಡಿ ಬಾಬ್, ನನಗೆ ಮಧ್ಯಾಹ್ನ ಇನ್ನೊಂದು ಬಾಡಿಗೆ ಇದೆ ಎಂದ.

ಕಟ್ಟಿದರು. ಚನ್ನಬಸವನಿಗೆ ಪೀಠ ಕಂಡಿತು, ಮೇಣದ ಬತ್ತಿ ಕಂಡಿತು. ಅವನು ಟೋಪಿ ತೆಗೆದ, ಬೂಟನ್ನೂ ಕಳಚಿ ಬದಿಗಿಟ್ಟು ಕೈಮುಗಿದ. ಆಮೇಲೆ ಮೆಲ್ಲಗೆ, ಕಾವಲಿನವರು ತಿರುಗುವ ಹಾಗೆ, ಹಿಂದಕ್ಕೆ ತಿರುಗಿದ.

“ಹಿಂದನೂ ಬಾಳ ಮಂದಿ ಕುಂತಾರ್ರಿ. ಒಬ್ಬಾಂವ ಬಾಯಿ ತಕ್ಕೊಂಡು ನಿದ್ದಿ ಹೊಡ್ಯಾಕತ್ತಾನ.” ಬಗ್ಗಿ ನೋಡಿ ಹೇಳಿದ, “ಒಂದು ಬೆಕ್ಕು ಬಂತು ನೋಡ್ರಿ. ಬೆಂಚಿನ ಕೆಳಗಿನ ಚೀಲಕ್ಕ ಬಾಯಿ ಹಾಕ್ತು. ಮೀನ ಹಿಡ್ಕೊಂಡು ಹೊಂಟೈತಿ. ನಿಮ್ಮೊಳಗ ಅದೂ ಪೂಜಾದಾಗ ಬರತೈತೇನು?”

ಕೈತಾನನಿಗೆ ಮೊದಲು ಆದದ್ದು ಸಮಾಧಾನ: ಇನಾಸ ಕಳ್ಳನಲ್ಲ. ಆ ಸಮಾಧಾನದಲ್ಲಿ ಅವನು ನಕ್ಕೂಬಿಟ್ಟ. ನಗು ಅರ್ಧದಲ್ಲಿ ನಿಂತಿತು. ಬೆಕ್ಕು ಹಿಂದೆ ಬಂದದ್ದು. ಹಿಂದಿನದು ಕಾಣುತ್ತದೆ ಎಂದಾದರೆ ಅದು ಸ್ಟೆಪ್ನಿ ಅಲ್ಲ. ಹಿಂದೆ ನಿಂತಿದ್ದವನು ತಾನು. ಬಸ್ತ್ಯಾಂವ ಹಾಡುತ್ತಿದ್ದಾಗ ತಾನು ರೆಮೇದಿಯ ಕಿವಿಯಲ್ಲಿ ಒಂದು ಮಾತು ಹೇಳಿದ್ದ.

ಚನ್ನಬಸವ ಬೂಟು ಹಾಕಿಕೊಂಡು, ರಿಜಿಸ್ಟರಿನಲ್ಲಿ ‘ಆರು ಡಬ್ಬಿ, ಒಳಗೆ ದೇವರು, ಬೆಕ್ಕು ಒಂದು’ ಎಂದು ಬರೆದು ಗೇಟು ತೆಗೆದ. ಉಳಿದ ದಾರಿಯುದ್ದಕ್ಕೂ ಕೈತಾನ ಪೆಟ್ಟಿಗೆಯ ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದ. ಇಕ್ಬಾಲ ಎರಡು ಸಲ, ಹೊಟ್ಟೆ ಸರಿ ಇಲ್ಲವಾ ಎಂದು ಕೇಳಿದನಂತೆ.

ಕೇರಿಯ ಅಂಗಳದಲ್ಲಿ ಆರು ಪ್ಲಾಸ್ಟಿಕ್ ಕುರ್ಚಿ, ಸುತ್ತ ಹತ್ತು ಮನೆಯ ಜನ. ಮೊದಲ ಸಾಲಿಗೆ ಹಿರಿಯರು. ನಡುವಿನ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಸ್ತ್ಯಾಂವ, ಪಕ್ಕದಲ್ಲಿ ಅವನ ಅಕ್ಕ ಜುಲ್ಯಾನ. ಬ್ಯಾಟರಿ ಹೋಗಿದೆ ಎಂದು ಕೈತಾನ ಫಾದರ್ ಬಳಿ ಹೇಳಿ ನೋಡಿದ. ಅವರು ಚೀಲದಿಂದ ಪವರ್ ಬ್ಯಾಂಕ್ ತೆಗೆದರು. ಮೋಡ ಇದೆ ಎಂದ. ಇದಕ್ಕೂ ಮೋಡಕ್ಕೂ ಸಂಬಂಧವಿಲ್ಲ ಎಂದರು ಅವರು.

ಬೇರೆ ದಾರಿ ಕಾಣದೆ ಕೈತಾನ ಕುರ್ಚಿಗಳ ಮುಂದೆ ನಿಂತು ಭಾಷಣ ಮಾಡಿದ. ಇದು ಪವಿತ್ರವಾದ ಯಂತ್ರ, ಪೀಠವನ್ನು ಮಾತ್ರ ನೋಡಬೇಕು. ಹಿಂದೆ ತಿರುಗಿದರೆ ಕುತ್ತಿಗೆಯ ನರ ಹಿಡಿಯುತ್ತದೆ. ಬೈಬಲಿನಲ್ಲಿ ಲೋತನ ಹೆಂಡತಿ ಹಿಂದೆ ತಿರುಗಿ ನೋಡಿ ಉಪ್ಪಿನ ಕಂಬವಾದದ್ದು ಎಲ್ಲರಿಗೂ ನೆನಪಿರಲಿ. ಕಂಬದ ವಿಷಯದಲ್ಲಿ ತನಗೆ ಅನುಭವ ಇದೆ.

ಆ ಆರು ಜನರಲ್ಲಿ ಹಿಂದೆ ತಿರುಗಬೇಕೆಂದು ಅಲ್ಲಿಯವರೆಗೆ ಯಾರೂ ಯೋಚಿಸಿರಲಿಲ್ಲ.

ಅವನು ಒಬ್ಬೊಬ್ಬರಿಗೇ ಕನ್ನಡಕ ಕಟ್ಟಿ ಶುರು ಮಾಡಿದ. ಬಸ್ತ್ಯಾಂವನದನ್ನು ಎಲ್ಲರಿಗಿಂತ ಕೊನೆಗೆ, ಪಟ್ಟಿ ಸರಿಮಾಡುವ ನೆವದಲ್ಲಿ ಆದಷ್ಟು ತಡಮಾಡಿ. ಮೊದಲು ತಿರುಗಿದವಳು ಜುಲ್ಯಾನ. ನಿದ್ದೆ ಮಾಡುವವನನ್ನು ಕಂಡಳು, ಬೆಕ್ಕನ್ನು ಕಂಡಳು, ನಗತೊಡಗಿದಳು. ಅವಳ ನಗು ಕೇಳಿ ಉಳಿದ ನಾಲ್ವರೂ ಕುರ್ಚಿಯ ಮೇಲೇ ಗಿರಗಿರ ತಿರುಗಿದರು. ಡಬ್ಬಿ ಕಟ್ಟಿಕೊಂಡ ಐದು ಮುಖಗಳು ಹಿತ್ತಿಲಿನ ಕಡೆ ನೋಡಿ ನಗುತ್ತಿದ್ದವು. ಫಾದರ್ ಕಣ್ಣೊರೆಸಿಕೊಂಡು, ಎಷ್ಟು ಆನಂದ ನೋಡಿ ಎಂದರು. ಬಸ್ತ್ಯಾಂವ ಒಬ್ಬನೇ ನೆಟ್ಟಗೆ ಕೂತಿದ್ದ. ಗೆಳೆಯ ತಿರುಗಬೇಡ ಎಂದಿದ್ದ, ಅವನು ತಿರುಗಲಿಲ್ಲ.

ಹಾಡು ಬಂತು. ಕೈತಾನನಿಗೆ ಅದು ಕೇಳುತ್ತಿರಲಿಲ್ಲ, ಅವರ ಮುಖದಲ್ಲೇ ಗೊತ್ತಾಯಿತು. ಜುಲ್ಯಾನಳ ನಗು ನಿಂತಿತು. ಮೂರು ಉಸಿರಿನ ನಂತರ ಅವಳ ಆಚೆ ಪಕ್ಕದವನದು. ಆಮೇಲೆ ಇನ್ನೊಬ್ಬಳದು. ಕೈತಾನ ಗುಂಡಿ ಒತ್ತಿದ ಕ್ರಮದಲ್ಲೇ ಐವರೂ ಒಬ್ಬೊಬ್ಬರಾಗಿ ಸುಮ್ಮನಾದರು, ಒಬ್ಬೊಬ್ಬರಾಗಿ ಕನ್ನಡಕ ಬಿಚ್ಚಿ ಬಸ್ತ್ಯಾಂವನ ಕಡೆ ನೋಡಿದರು. ಅವನು ಇನ್ನೂ ಡಬ್ಬಿಯೊಳಗೆ, ತನ್ನ ಹಾಡಿಗೆ ತಾನೇ ಬೆರಳಿನಿಂದ ತೊಡೆಯ ಮೇಲೆ ತಾಳ ಹಾಕುತ್ತ, ಮುಗುಳ್ನಗುತ್ತ ಕೂತಿದ್ದ. ಕೈತಾನ ಅದನ್ನು ಕಿತ್ತುಬಿಡಲೆಂದು ಕೈ ಚಾಚಿದ. ಫಾದರ್ ಅವನ ಮಣಿಕಟ್ಟು ಹಿಡಿದುಕೊಂಡರು. ಬೇಡ, ಅವನು ಪ್ರಾರ್ಥನೆಯಲ್ಲಿದ್ದಾನೆ ಎಂದರು.

ಬೆರಳು ನಿಂತಿತು.

ಆ ಪೂಜೆಯಲ್ಲಿ ರೆಕಾರ್ಡ್ ಆದ ಮಾತು ಇದು. ಕೈತಾನ ಹೇಳಿದ್ದ: “ಮುದುಕನ ಗಂಟಲು ಒಡೆದ ಮಡಕೆ ಆಗಿದೆ ಮಾರಾಯ್ತಿ.” ರೆಮೇದಿ ಕೇಳಿದ್ದಳು: “ನೀವೇ ಹೋಗಿ ಹಾಡ್ಸಿದ್ದಲ್ದ?” ಅದಕ್ಕೆ ಅವನು: “ಇವನ ಮುಖ ಇಲ್ದಿದ್ರೆ ಕೇರಿಯವರು ಡಬ್ಬಿ ಕಟ್ಟಿಕೊಳ್ಳೂದಿಲ್ಲ. ಅದಕ್ಕೇ. ಇದೊಂದು ಸಲ, ಆಮೇಲೆ ನಿಲ್ಸಿದ್ರಾಯ್ತು.”

ಬಸ್ತ್ಯಾಂವ ಹಾಡು ಮುಗಿಯುವವರೆಗೂ ಕೂತ. ಆಮೇಲೆ ತಾನೇ ಕನ್ನಡಕ ಬಿಚ್ಚಿ, ಒಳಗಿನ ಬೆವರನ್ನು ಅಂಗಿಯ ಅಂಚಿನಿಂದ ಒರೆಸಿ ಫಾದರ್ ಕೈಗೆ ಕೊಟ್ಟ. ಚೆನ್ನಾಗಿ ಕಾಣುತ್ತದೆ ಫಾದರ್, ಎದುರಿಗೇ ಇದ್ದ ಹಾಗೆ ಎಂದ. ಕೈತಾನನ ಕಡೆ ತಿರುಗಿ ಹೇಳಿದ, “ನೀ ಹೇಳಿದ ಹಾಗೆ ನಾ ಹಿಂದೆ ನೋಡ್ಲಿಲ್ಲ ಕೈತಾನಾ. ಆದ್ರೂ ಕೇಳ್ತದೆ.”

ಫಾದರ್ ಇದನ್ನೂ ಯಂತ್ರದ ಪ್ರಶಂಸೆ ಎಂದೇ ತಿಳಿದು, ಧ್ವನಿ ಸುತ್ತಲಿಂದ ಬರುವ ವ್ಯವಸ್ಥೆಯನ್ನು ಎಲ್ಲರಿಗೂ ವಿವರಿಸಿದರು.

ಮುಂದಿನ ಭಾನುವಾರ ಬಸ್ತ್ಯಾಂವ ಬಸ್ಸಿನಿಂದ ಇಳಿಯಲಿಲ್ಲ. ಕೇರಿಯವರು ಯಾರೂ ಇಳಿಯಲಿಲ್ಲ. ಕನ್ನಡಕದ ಪೆಟ್ಟಿಗೆಯನ್ನು ಕೇರಿಯಲ್ಲೇ ಇಟ್ಟಿದ್ದಾರಲ್ಲ, ಇಷ್ಟು ದೂರ ಯಾಕೆ ಎಂದು ಹೇಳಿಕಳಿಸಿದ್ದರು. ಫಾದರ್‌ಗೆ ಇದು ದೊಡ್ಡ ಗೆಲುವು. ರೆಮೇದಿ ಮಾತ್ರ ಅಭ್ಯಾಸದಂತೆ ಮೂರು ತಟ್ಟೆ ಇಟ್ಟಳು, ಸ್ವಲ್ಪ ಹೊತ್ತು ನೋಡಿ ಒಂದನ್ನು ಒಳಗಿಟ್ಟಳು. ಇನಾಸನ ಪಾವು ಮತ್ತೆ ಮನೆಗೆ ಬರತೊಡಗಿತ್ತು. ಯಾಕೆ ನಿಂತಿತ್ತು, ಯಾಕೆ ಶುರುವಾಯಿತು ಎಂದು ಅವನಿಗೆ ಇಂದಿಗೂ ಗೊತ್ತಿಲ್ಲ.

ಮೂರನೆಯ ವಾರ ಕೈತಾನ ಕೇರಿಗೆ ಹೋದ. ದಾರಿಯಲ್ಲಿ ಒಂದು ಸುಳ್ಳನ್ನು ಬಹಳ ಕಷ್ಟಪಟ್ಟು ಕಟ್ಟಿದ್ದ. ಈಗಿನ ಯಂತ್ರಗಳು ತಾವಾಗಿಯೇ ಮಾತು ಹುಟ್ಟಿಸುತ್ತವೆ, ಅದಕ್ಕೆ ಎಐ ಎನ್ನುತ್ತಾರೆ, ಯಾರ ಧ್ವನಿಯಲ್ಲಿ ಬೇಕಾದರೂ ಏನು ಬೇಕಾದರೂ ಹೇಳಿಬಿಡುತ್ತವೆ ಎಂದ. ಬಸ್ತ್ಯಾಂವ ಬಿದಿರು ಸೀಳುತ್ತಿದ್ದವನು ತಲೆಯಾಡಿಸಿದ. ಜಗಲಿಯ ಮೇಲಿದ್ದ ಜುಲ್ಯಾನ ಕೇಳಿದಳು:

“ಹಾಗಾದ್ರೆ ಆ ಬೆಕ್ಕೂ ಸುಳ್ಳಾ? ನಿಮ್ಮ ಚೀಲದ ಬಂಗಡೆ ಎಲ್ಲಿ ಹೋಯ್ತು?”

ಕೈತಾನ ಮುಂದಿನ ಬಸ್ಸಿಗೆ ಕಾಯದೆ ಅರ್ಧ ದಾರಿ ನಡೆದುಕೊಂಡೇ ಬಂದ.

ಅಷ್ಟರಲ್ಲಿ ಗೋವೆಯಿಂದ ಪತ್ರ ಬಂತು. ಇಡೀ ಕೇರಿ ಪ್ರತಿ ಭಾನುವಾರ ಕನ್ನಡಕದಲ್ಲಿ ಪೂಜೆಗೆ ಕೂರುವುದು ಬೇರೆಲ್ಲೂ ಸಾಧ್ಯವಾಗಿಲ್ಲವಂತೆ, ಕೈತಾನನಿಗೆ ಸನ್ಮಾನವಂತೆ. ಇಗರ್ಜಿಯ ಅಂಗಳದಲ್ಲಿ ಸಭೆ ಸೇರಿತು. ಗೋವೆಯ ಅಧಿಕಾರಿಯೊಬ್ಬರು ಫಾದರ್ ಕಳಿಸಿದ್ದ ವರದಿ ಓದಿದರು. ಹಿರಿಯರೊಬ್ಬರು ಪೂಜೆಯುದ್ದಕ್ಕೂ ಒಮ್ಮೆಯೂ ತಲೆ ತಿರುಗಿಸದೆ, ಅಷ್ಟು ತಲ್ಲೀನರಾಗಿ ಕೂತಿದ್ದರೆಂದು ಅದರಲ್ಲಿ ಬರೆದಿತ್ತು. ಜನ ಚಪ್ಪಾಳೆ ತಟ್ಟಿದರು. ಕೈತಾನನಿಗೆ ಶಾಲು ಹೊದಿಸಿದರು. ಎರಡು ಮಾತಾಡಿ ಎಂದರು. ಕಂಬದ ತುದಿಯಿಂದ ಅರ್ಧ ಊರಿಗೆ ಕೇಳುವ ಗಂಟಲು ಆ ದಿನ ಮೈಕಿನ ಮುಂದೆಯೂ ಹೊರಡಲಿಲ್ಲ. ತಂತಿ ಕಡಿದಿದೆಯೋ ಎಂದು ಯಾರೋ ಮೈಕನ್ನು ಬಡಿದು ನೋಡಿದರು.

ಆ ಶನಿವಾರ ಅವನು ಪಾಪನಿವೇದನೆಗೆ ಹೋದ. ಪಾಪನಿವೇದನೆಯ ಗುಟ್ಟನ್ನು ಫಾದರ್ ಸಾಯುವವರೆಗೂ ಕಾಯಬೇಕು, ಕಾದಿದ್ದಾರೆ. ಕೈತಾನನೇ ಅದನ್ನು ಪಿಸುಗುಟ್ಟಿದ್ದರಿಂದ ಹೊರಗೆ ಸಾಲಿನಲ್ಲಿದ್ದ ನಾವು ನಾಲ್ವರೂ ಪೂರ್ತಿ ಕೇಳಿದೆವು. ಮಡಕೆ, ಮುಖ, ಡಬ್ಬಿ ಎಲ್ಲ ಹೇಳಿ ಅತ್ತ. ಕೊನೆಗೆ ಫಾದರ್ ಕೂಡ ಸ್ವಲ್ಪ ದೊಡ್ಡದಾಗಿಯೇ ಹೇಳಿದರು, “ನಿಮ್ಮ ಕೈ ಹಿಡಿದದ್ದು ನಾನು ಕೈತಾನ್‌ಬಾಬ್.” ನಮ್ಮಲ್ಲಿ ಇಬ್ಬರು ತಮ್ಮ ಪಾಪಗಳನ್ನು ಮುಂದಿನ ವಾರ ಹೇಳಿದರಾಯಿತೆಂದು ಸದ್ದಿಲ್ಲದೆ ಎದ್ದು ಹೋದರು.

ಮರುದಿನ ಪೂಜೆ ಮುಗಿಸಿ ಕೈತಾನ ಮತ್ತೆ ಕೊಡಸೆಗದ್ದೆಗೆ ಹೋದ. ಈ ಸಲ ಸುಳ್ಳೇನೂ ಕಟ್ಟಿಕೊಂಡಿರಲಿಲ್ಲ. ಅಂಗಳದಲ್ಲಿ ಆರು ಜನ ಕುರ್ಚಿಯ ಮೇಲೆ ಡಬ್ಬಿ ಕಟ್ಟಿಕೊಂಡು ಕೂತಿದ್ದರು, ಉಳಿದವರು ತಮ್ಮ ಸರದಿಗೆ ಕಾಯುತ್ತಿದ್ದರು. ಹತ್ತು ಮನೆಯವರು ಒಟ್ಟಿಗೆ ನಿಂತು ಹಾಡುತ್ತಿದ್ದ ಅಂಗಳದಲ್ಲಿ ಸದ್ದೇ ಇರಲಿಲ್ಲ. ಬಸ್ತ್ಯಾಂವ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಮುಗಿಸಿದವರು ಕೊಟ್ಟ ಕನ್ನಡಕವನ್ನು ಬಟ್ಟೆಯಿಂದ ಒರೆಸಿ ಮುಂದಿನವರಿಗೆ ಕೊಡುತ್ತಿದ್ದ. ಅವನು ಮಾತ್ರ ಆ ದಿನದ ನಂತರ ಹಾಕಿಕೊಂಡಿರಲಿಲ್ಲವಂತೆ.

ಕೈತಾನ ಅವನ ಎದುರಿಗೆ ನೆಲದ ಮೇಲೆ ಕೂತ. “ಅಂದದ್ದು ನಾನೇ. ಮಶೀನಲ್ಲ.”

“ಗೊತ್ತುಂಟು.”

“ಗೋವೆಗೆ ಫೋನ್ ಮಾಡಿದ್ದೆ. ನನ್ನ ಮಾತು ಮಾತ್ರ ಕತ್ತರಿಸಿ ಅಂದೆ. ಎರಡೂ ಬೆರೆತುಹೋಗಿದೆ, ಅದನ್ನ ತೆಗೆದ್ರೆ ಹಾಡೂ ಹೋಗ್ತದೆ ಅಂದ್ರು. ಪೂರ್ತಿ ಅಳಿಸ್ಲಿಕ್ಕೆ ಹೇಳ್ಲ?”

ಬಸ್ತ್ಯಾಂವ ಕೈಯಲ್ಲಿದ್ದ ಕನ್ನಡಕವನ್ನು ಒಳಗೂ ಹೊರಗೂ ಒರೆಸಿದ. “ಬೇಡ. ನಂದು ಬೇರೆ ಎಲ್ಲೂ ಇಲ್ಲ,” ಎಂದ. ಆಮೇಲೆ ಹೇಳಿದ, “ಗಂಟಲಿನ ಮಾತು ಬಿಡು. ಅದು ಒಡೆದದ್ದು ನಿನಗಿಂತ ಮೊದಲು ನನಗೆ ಗೊತ್ತಾಗಿತ್ತು. ಆಗೂದಿಲ್ಲ ಅಂದಿದ್ದೆ. ನೀ ಬಂದು ಹಾಡು ಅಂದಿ. ಇವನಿಗೆ ಕೇಳುವ ಆಸೆ ಇದೆ ಅಂತ ತಿಳ್ಕಂಡು ಹಾಡಿದೆ. ಮುಖ ಒಂದೇ ಬೇಕಾದದ್ದು ಅಂತ ಹೇಳಿದ್ರೆ ಸುಮ್ಮನೆ ಬಾಯಿ ಆಡಿಸ್ತಿದ್ದೆ. ಅಷ್ಟು ಕಷ್ಟ ಇರಲಿಲ್ಲ.”

ಜುಲ್ಯಾನ ಇಬ್ಬರಿಗೂ ಹಾಲಿಲ್ಲದ ಕಣ್ಣಿ ಚಾ ತಂದಿಟ್ಟಳು. ಕುಡಿದು ಮುಗಿಯುವಾಗ ಬಸ್ತ್ಯಾಂವ, ನನಗೆ ನಿನ್ನ ಮೇಲೆ ಸಿಟ್ಟಿಲ್ಲ, ಬಸ್ಸಿಗೆ ಹೊತ್ತಾಯಿತು, ಹೊರಡು ಎಂದ. ಸಿಟ್ಟಿದ್ದರೆ ಚೆನ್ನಾಗಿತ್ತು ಎಂದು ಕೈತಾನನಿಗೆ ಆಗಿನಿಂದಲೂ ಅನಿಸುತ್ತದೆ.

ಫಾದರ್ ಆ ತಿಂಗಳ ಕೊನೆಯಲ್ಲಿ ಪೆಟ್ಟಿಗೆಯನ್ನು ಬೇರೊಂದು ಇಗರ್ಜಿಗೆ ಕಳಿಸಿಬಿಟ್ಟರು. ಯಾಕೆಂದು ಯಾರಿಗೂ ಹೇಳಲಿಲ್ಲ. ಕೇರಿಯವರು ಮತ್ತೆ ಬಸ್ಸು ಹಿಡಿದು ಬರತೊಡಗಿದರು. ಮೂರನೆಯ ಭಾನುವಾರ ಬಸ್ತ್ಯಾಂವನೂ ಬಂದ. ಹಾಡುವವರ ಸಾಲಿನ ಕಡೆ ಹೋಗದೆ ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತ. ಕೈತಾನ ಮುಂದಿನಿಂದ ಎದ್ದು, ಎಲ್ಲರೂ ನೋಡುತ್ತಿರುವಂತೆ ಹಿಂದೆ ಬಂದು ಅವನ ಪಕ್ಕ ಕೂತ. ಬಸ್ತ್ಯಾಂವ ಸರಿದು ಜಾಗ ಕೊಟ್ಟ.

ಪರಮಪ್ರಸಾದ ಆಯಿತು. ಮುಂದೆ ಯಾರೋ ಹಾಡು ಎತ್ತಿದರು, ಸ್ವಲ್ಪ ತಗ್ಗಿನ ಸ್ವರದಲ್ಲಿ. ಕೈತಾನ ಹಾಡಿನ ಪುಸ್ತಕ ತೆರೆದು ಇಬ್ಬರಿಗೂ ಕಾಣುವ ಹಾಗೆ ಹಿಡಿದ. ಬಸ್ತ್ಯಾಂವ ಒಂದೊಂದೇ ಸಾಲನ್ನು ಕಣ್ಣಿನಿಂದ ಹಿಂಬಾಲಿಸಿದ. ಪುಟದ ಕೊನೆ ಬಂದಾಗ ಹಾಡುವವರು ಯಾವ ಸಾಲಿನಲ್ಲಿದ್ದಾರೆಂದು ತಿಳಿಯದೆ ಕೈತಾನ ತಡವರಿಸಿದ. ಬಸ್ತ್ಯಾಂವ ಬೆರಳು ಚಾಚಿ, ಸರಿಯಾದ ಹೊತ್ತಿಗೆ ಪುಟ ತಿರುವಿದ. ಹಾಡಲಿಲ್ಲ.